‘ದಿ ಕ್ರೋ’ (1994): ನಾಯಕನ ಸಾವು ಬದಿಗಿಟ್ಟು ನೋಡಿದ್ರೆ ಸಿನಿಮಾ ನಿಲ್ಲುತ್ತಾ?

ಕತ್ತಲೆಕೋಣೆ
‘ದಿ ಕ್ರೋ’ ಬಗ್ಗೆ ಯಾರು ಬರೆದರೂ ಎರಡನೇ ಸಾಲಿಗೇ ಬ್ರ್ಯಾಂಡನ್ ಲೀ ಸಾವು ಬಂದುಬಿಡುತ್ತೆ. ಬ್ರೂಸ್ ಲೀ ಮಗ, ಸೆಟ್ಟಿನಲ್ಲಿ ಗುಂಡು ತಗುಲಿ 28ಕ್ಕೇ ಹೋದ, ವಂಶದ ಶಾಪ, ಇತ್ಯಾದಿ. ಅಲ್ಲಿಗೆ ‘ಕಲ್ಟ್ ಕ್ಲಾಸಿಕ್’ ಅಂತ ಮುದ್ರೆ ಒತ್ತಿ ಮುಗಿಸ್ತಾರೆ. ಸಿನಿಮಾ ಹೇಗಿದೆ ಅನ್ನೋ ಮಾತೇ ಬರಲ್ಲ.

ಆ ಸುದ್ದಿ ಗೊತ್ತೇ ಇಲ್ಲದ ಪ್ರೇಕ್ಷಕನಿಗೆ ಈ 102 ನಿಮಿಷ ಏನು ಕೊಡುತ್ತೆ? ಕಥೆ ಬರೆಯೋಕೆ ಒಂದು ಪೋಸ್ಟ್‌ಕಾರ್ಡ್ ಸಾಕು. ಡೆಟ್ರಾಯಿಟ್, ಅಕ್ಟೋಬರ್ 30ರ ‘ಡೆವಿಲ್ಸ್ ನೈಟ್’, ಪುಂಡರು ಊರಿಗೆ ಬೆಂಕಿ ಹಚ್ಚೋ ರಾತ್ರಿ. ರಾಕ್ ಗಿಟಾರ್ ನುಡಿಸೋ ಎರಿಕ್ ಡ್ರೇವನ್‌ನನ್ನೂ ಅವನು ಮದುವೆಯಾಗಬೇಕಿದ್ದ ಶೆಲ್ಲಿಯನ್ನೂ ಒಂದು ಗ್ಯಾಂಗ್ ಕೊಲ್ಲುತ್ತೆ. ವರ್ಷ ಕಳೆದ ಮೇಲೆ ಕಾಗೆಯೊಂದು ಅವನನ್ನು ಗೋರಿಯಿಂದ ಎಬ್ಬಿಸುತ್ತೆ, ಅವನು ಒಬ್ಬೊಬ್ಬರನ್ನೇ ಮುಗಿಸ್ತಾನೆ. ನನ್ನ ಪ್ರಕಾರ ಒಳ್ಳೇ ಮ್ಯೂಸಿಕ್ ವಿಡಿಯೋ, ಸಾಧಾರಣ ಸಿನಿಮಾ. ಒಪ್ಪದವರು ಸೀನು ಹಿಡಿದು ವಾದ ಮಾಡಿ. ‘ಫೀಲ್ ಇದೆ ಗುರು’ ಅನ್ನೋದು ಬೇಡ.

ಮೂಲೆಸೀಟು
ಫೀಲ್ ಇದೆ ಗುರು.

ರೀಲುಗಾಡಿ
ಮ್ಯೂಸಿಕ್ ವಿಡಿಯೋ ಅನ್ನೋದು ಬೈಗುಳ ಯಾವಾಗ ಆಯ್ತು? ನಿರ್ದೇಶಕ ಅಲೆಕ್ಸ್ ಪ್ರೋಯಾಸ್ ಬಂದಿದ್ದೇ ಜಾಹೀರಾತು, ಮ್ಯೂಸಿಕ್ ವಿಡಿಯೋಗಳಿಂದ. ಅಲ್ಲಿ ಕಲಿತದ್ದನ್ನ ಎಲ್ಲಿ ಕೆಲಸಕ್ಕೆ ಹಾಕಿದ್ದಾನೆ ನೋಡಬೇಕು.

ಮೊದಲು ಬಣ್ಣ. ಕಥೆಯ ಇವತ್ತಿನ ಭಾಗ ಪೂರ್ತಿ ಕಪ್ಪು, ಬೂದಿ, ಒದ್ದೆ ಟಾರು. ಎದ್ದು ಕಾಣೋ ಬಣ್ಣ ಅಂದ್ರೆ ಬೆಂಕಿ, ರಕ್ತ ಅಷ್ಟೇ. ಫ್ಲ್ಯಾಷ್‌ಬ್ಯಾಕ್ ಬಂದ ತಕ್ಷಣ ಬಣ್ಣ ಬೆಚ್ಚಗಾಗುತ್ತೆ, ಕಟ್ ಚುರುಕಾಗುತ್ತೆ. ‘ಒಂದು ವರ್ಷದ ಹಿಂದೆ’ ಅಂತ ಪದೇ ಪದೇ ಹೇಳಬೇಕಿಲ್ಲ. ಎರಿಕ್ ಒಂದು ವಸ್ತು ಮುಟ್ಟಿದಾಗ ನೆನಪು ಚೂರು ಚೂರಾಗಿ ನುಗ್ಗುತ್ತಲ್ಲ, ಅದನ್ನ ಡೈಲಾಗಿನಲ್ಲಿ ಹೇಳಿಸಿದ್ರೆ ಹತ್ತು ನಿಮಿಷ ಲ್ಯಾಗ್.

ಎರಡನೇದು ಊರು. ಶೂಟಿಂಗ್ ಆಗಿದ್ದು ಡೆಟ್ರಾಯಿಟ್‌ನಲ್ಲಲ್ಲ, ನಾರ್ತ್ ಕೆರೊಲೈನಾದ ವಿಲ್ಮಿಂಗ್ಟನ್ ಸ್ಟುಡಿಯೋದಲ್ಲಿ. ಕಾಗೆ ಹಾರುವಾಗ ಕೆಳಗೆ ಕಾಣೋ ಊರು ಮಿನಿಯೇಚರ್. ಬೀದಿ ಸೆಟ್ಟು ಬೇರೆ, ಮಾದರಿ ಊರು ಬೇರೆ, ಎರಡನ್ನೂ ಅಂಟಿಸೋದು ಮಳೆ, ಹೊಗೆ, ಕತ್ತಲೆ. ಮಳೆ ಬರೀ ಮೂಡ್‌ಗಲ್ಲ ಅಂತ ಹೇಳ್ತಿರೋದು: ಮಾದರಿಯ ಅಂಚು ಮುಚ್ಚುತ್ತೆ, ಒದ್ದೆ ನೆಲ ಹಿಂದಿನ ಲೈಟನ್ನು ವಾಪಸ್ ಎಸೆದು ಪಾತ್ರವನ್ನ ಕತ್ತಲೆಯಿಂದ ಬಿಡಿಸಿ ತೋರಿಸುತ್ತೆ. ಸುಮಾರು 2.3 ಕೋಟಿ ಡಾಲರಿನ ಸಿನಿಮಾ ಇದು, ಬರ್ಟನ್‌ನ ‘ಬ್ಯಾಟ್‌ಮನ್’ ಬಜೆಟ್ಟಿನ ಹತ್ತಿರಕ್ಕೂ ಬರಲ್ಲ. ಛಾಯಾಗ್ರಾಹಕ ದಾರಿಯುಷ್ ವೋಲ್ಸ್ಕಿ, ಕಲಾ ನಿರ್ದೇಶಕ ಅಲೆಕ್ಸ್ ಮೆಕ್‌ಡೊವೆಲ್ ಇಬ್ಬರಿಗೂ ಸಲಾಂ ಹೊಡೀಬೇಕು.

ಪೇಢಾಪ್ರಿಯ
ಊರು ಚಂದ ಐತ್ರಿ, ಆದ್ರ ಊರಾಗ ಮಂದೀನ ಇಲ್ಲಲ್ರಿ! ಕ್ಲಬ್ಬಿನ ಸೀನು ಬಿಟ್ರ ಬೀದಿಯೆಲ್ಲ ಖಾಲಿ. ಡೆವಿಲ್ಸ್ ನೈಟ್ ಅಂತ ಊರಿಗೆ ಊರೇ ಹೊತ್ತಿ ಉರೀಬೇಕು, ನಮಗ ಕಾಣೋದು ದೂರದಾಗ ನಾಕು ಬೆಂಕಿ. ಒಬ್ಬ ಸಾರ್ಜಂಟ್, ಒಂದು ಹುಡುಗಿ, ಒಂದು ಹಾಟ್‌ಡಾಗ್ ಗಾಡಿ. ಇದನ್ನೂ ಸ್ಟೈಲ್ ಅಂತೀರೇನು?

ರೀಲುಗಾಡಿ
@ಪೇಢಾಪ್ರಿಯ ಇದು ಒಪ್ಪಬೇಕಾದ ಮಾತೇ ಸರ್. ದುಡ್ಡು ಕಡಿಮೆಯಾದದ್ದು ಕಾಣಿಸೋ ಜಾಗ ಅದು. ಊರಿಗೆ ಏನಾಗ್ತಿದೆ ಅನ್ನೋದನ್ನ ವಿಲನ್ ಟಾಪ್ ಡಾಲರ್ ಬಾಯಲ್ಲಿ ಹೇಳಿಸಿದ್ದಾರೆ, ಕಣ್ಣಿಗೆ ತೋರಿಸಿಲ್ಲ.

ಕಾಮಿಕ್ಸ್_ಕಪಾಟು
ಕಥೆ ಪೋಸ್ಟ್‌ಕಾರ್ಡ್ ಅನ್ನೋರು ಮೂಲ ಏನಿತ್ತು ಅಂತಲೂ ನೋಡಿ. ಮೂಲ ಕಾಮಿಕ್ಸ್ ಮಾಡಿದ ಜೇಮ್ಸ್ ಓಬಾರ್‌ಗೆ ನಿಶ್ಚಯವಾಗಿದ್ದ ಹುಡುಗಿ ಕುಡಿದು ಗಾಡಿ ಓಡಿಸಿದವನಿಂದ ಸತ್ತಳು. ಆ ಸಂಕಟದಲ್ಲಿ 1981ರಲ್ಲಿ ಬರ್ಲಿನ್‌ನಲ್ಲಿ ಮರೀನ್ ಸೈನಿಕನಾಗಿದ್ದಾಗ ಚಿತ್ರ ಬಿಡಿಸೋಕೆ ಶುರು ಮಾಡಿದ, ಅಚ್ಚಾಗಿ ಬಂದದ್ದು 1989ರಲ್ಲಿ. ಕಪ್ಪು-ಬಿಳುಪು. ಅಲ್ಲಿ ಕೊಲೆಗೆ ಕಾರಣವೇ ಇಲ್ಲ: ದಾರೀಲಿ ಗಾಡಿ ಕೆಟ್ಟು ನಿಂತಿರುತ್ತೆ, ಗ್ಯಾಂಗ್ ಬರುತ್ತೆ, ಅಷ್ಟೇ.

ಸಿನಿಮಾಗೆ ಚಿತ್ರಕಥೆ ಬರೆದ ಡೇವಿಡ್ ಶೌ, ಜಾನ್ ಶರ್ಲಿ ಅದಕ್ಕೊಂದು ಕಾರಣ ಹಾಕಿದ್ರು. ಬಾಡಿಗೆದಾರರನ್ನ ಒಕ್ಕಲೆಬ್ಬಿಸೋದರ ವಿರುದ್ಧ ಶೆಲ್ಲಿ ಅರ್ಜಿ ಹಾಕ್ತಾಳೆ, ಅದಕ್ಕೆ ಟಾಪ್ ಡಾಲರ್ ಹುಡುಗರನ್ನ ಕಳಿಸ್ತಾನೆ. ಇದರಿಂದ ಕೊನೆಗೊಬ್ಬ ದೊಡ್ಡ ವಿಲನ್ ಸಿಕ್ಕ. ಆದ್ರೆ ‘ಸುಮ್‌ಸುಮ್ನೆ ಆಗಿಹೋಯ್ತು, ಕಾರಣ ಹುಡುಕಿದ್ರೂ ಸಿಗಲ್ಲ’ ಅನ್ನೋ ಮೂಲದ ಉರಿ ತಣ್ಣಗಾಯ್ತು. ಓಬಾರ್ ಪುಸ್ತಕದ ಎರಿಕ್ ತನ್ನನ್ನೇ ಕೊಯ್ದುಕೊಳ್ತಾನೆ, ನೆನಪಿನಲ್ಲೇ ಸಿಕ್ಕಿಹಾಕಿಕೊಂಡಿರ್ತಾನೆ. ಸಿನಿಮಾದ ಎರಿಕ್ ತಮಾಷೆ ಮಾಡ್ತಾನೆ.

ಅಂದಹಾಗೆ ಸಾರ್ಜಂಟ್ ಆಲ್‌ಬ್ರೆಕ್ಟ್ ಅನ್ನೋ ಹೆಸರು ಜಾಯ್ ಡಿವಿಷನ್ ಬ್ಯಾಂಡಿನ ಬರ್ನಾರ್ಡ್ ಸಮ್ನರ್ ಆಗ ಇಟ್ಟುಕೊಂಡಿದ್ದ ಹೆಸರು.

ಕಡಲತಡಿ
ಈ ಎರಿಕ್‌ನನ್ನು ಸೂಪರ್‌ಹೀರೋ ಅಂತ ಕೆಲವರು ಹೇಳುವುದುಂಟು, ಎಂತ ಸೂಪರ್‌ಹೀರೋ ಮಾರಾಯ್ರೆ? ಊರನ್ನು ಉಳಿಸುವ ಕೆಲಸವೇ ಇಲ್ಲ ಅವನಿಗೆ. ಇದು ನಮ್ಮ ಕಡೆಯ ಭೂತದ ಕಥೆ. ಪಿಂಡ ಇಟ್ಟಾಗ ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಅಂತ ಹೇಳುವುದುಂಟಲ್ಲ. ಇಲ್ಲಿ ಕಾಗೆಯೇ ಬಂದು ‘ಏಳು, ಕೆಲಸ ಬಾಕಿ ಉಂಟು’ ಅಂತ ಕರೆದುಕೊಂಡು ಹೋಗುತ್ತದೆ. ಅಮೆರಿಕದವರಿಗೆ ಶುರುವಿನಲ್ಲೇ ಬಿಡಿಸಿ ಹೇಳಬೇಕಾಯಿತು, ನಮ್ಮ ಮನೆಯ ಅಜ್ಜಿಯಂದಿರಿಗೆ ಬೇಡ.

ಮೂಲೆಸೀಟು
ಪಿಂಡಕ್ಕೆ ಬರೋದು ಊರು ಕಾಗೆ. ಸಿನಿಮಾದಲ್ಲಿರೋದು ಕಾಗೆಯೇ ಅಲ್ಲ, ‘ರೇವನ್’. ಅದೇ ಜಾತಿಯ ದಪ್ಪ ಕೊಕ್ಕಿನ ದೊಡ್ಡಣ್ಣ. ತರಬೇತಿ ಕೊಟ್ಟ ಹಕ್ಕಿಗಳು.

ಕಡಲತಡಿ
ಆಯಿತು, ರೇವನ್‌ಗೂ ಪಿಂಡ ಇಡುವ ಮಾರಾಯ್ರೆ.

ಹದ್ದಿನಕಣ್ಣು
ವಿಷಯಕ್ಕೆ ಬರೋಣ. ನಾಯಕನ ಸಾವನ್ನ ಬದಿಗಿಟ್ಟು ನೋಡೋದು ಹೇಳಿದಷ್ಟು ಸುಲಭ ಇಲ್ಲ, ಯಾಕಂದ್ರೆ ಆ ಸಾವಿನ ರಿಪೇರಿ ಪರದೆ ಮೇಲೇ ಇದೆ. ಎಲ್ಲೆಲ್ಲಿ ಅಂತ ಹೇಳ್ತೀನಿ, ಆಮೇಲೆ ನೀವೇ ತೂಗಿ.

ಲೀ ಪಾತ್ರದ ಬಹುಭಾಗ ಮುಗಿದಿತ್ತು. ಉಳಿದಿದ್ದರಲ್ಲಿ ಮುಖ್ಯವಾದದ್ದು ಎರಿಕ್-ಶೆಲ್ಲಿ ಮನೆಯ ಒಳಗಿನ ಸೀನುಗಳು. ಗೋರಿಯಿಂದ ಎದ್ದು ಮನೆಗೆ ವಾಪಸ್ ಬಂದು ಬಾಗಿಲು ದಾಟೋ ಶಾಟ್ ಇದೆಯಲ್ಲ, ಅದು ಮಳೆಯಲ್ಲಿ ಗಲ್ಲಿಯೊಳಗೆ ನಡೆದು ಬರೋ ಹಳೇ ಶಾಟಿನಿಂದ ಲೀಯನ್ನ ಕತ್ತರಿಸಿ ಬಾಗಿಲಿಗೆ ಕೂರಿಸಿದ್ದು. ಮುಖಕ್ಕೆ ಬಿಳಿ ಬಣ್ಣ ಹಚ್ಚೋ ಸೀನಲ್ಲಿ ಮೈ ಡೂಪ್‌ನದು, ಒಡೆದ ಕನ್ನಡಿಯಲ್ಲಿ ಕಾಣೋ ಮುಖ ಲೀಯದು. ಕಿಟಕಿಯಿಂದ ಬೀಳೋದು ಡೂಪ್, ಮುಖ ಅಂಟಿಸಿದ್ದು. ಎರಿಕ್-ಶೆಲ್ಲಿಗೆ ಹತ್ತಿರವಾಗಿದ್ದ ಹುಡುಗಿ ಸಾರಾ ಮನೆಗೆ ಬಂದಾಗ ಎರಿಕ್ ಮುಖವನ್ನೇ ತೋರಿಸಲ್ಲ. ಡೂಪ್ ಚಾಡ್ ಸ್ಟಾಹೆಲ್‌ಸ್ಕಿ, ಮುಂದೆ ‘ಜಾನ್ ವಿಕ್’ ನಿರ್ದೇಶಿಸಿದವನು. ಡಿಜಿಟಲ್ ಕೆಲಸ ಡ್ರೀಮ್ ಕ್ವೆಸ್ಟ್ ಇಮೇಜಸ್‌ನದು.

ಇಷ್ಟು ಗೊತ್ತಿಲ್ಲದೆ ನೋಡಿದ್ರೆ ನೂರಕ್ಕೆ ತೊಂಬತ್ತು ಜನಕ್ಕೆ ಕಾಣಲ್ಲ. ಕತ್ತಲೆ, ಮಳೆ, ಮುಖದ ಬಣ್ಣ ಮೂರೂ ಮೊದಲೇ ಸಿನಿಮಾದಲ್ಲಿದ್ದವು, ರಿಪೇರಿಗೆ ಅಂತ ತಂದದ್ದಲ್ಲ. ಹಗಲು ಬೆಳಕಿನ ಸಿನಿಮಾ ಆಗಿದ್ರೆ 1993ರ ತಂತ್ರಜ್ಞಾನದಲ್ಲಿ ಮುಗಿಸೋಕೇ ಆಗ್ತಿರಲಿಲ್ಲ.

ಕತ್ತಲೆಕೋಣೆ
ಹಂಗಾದ್ರೆ ನನ್ನ ವಾದಕ್ಕೇ ಬಲ ಬಂತು. ಮುಖವಿಲ್ಲದ ಸೀನು, ಸಾರಾ ಧ್ವನಿಯಲ್ಲಿ ನಿರೂಪಣೆ, ಇದೆಲ್ಲ ತೇಪೆ. ತೇಪೆಯನ್ನ ‘ಕವಿತ್ವ’ ಅಂತ ಹೊಗಳೋದು ನಾಯಕ ಸತ್ತ ಅನ್ನೋ ಕನಿಕರಕ್ಕೆ.

ಹದ್ದಿನಕಣ್ಣು
@ಕತ್ತಲೆಕೋಣೆ ತೇಪೆ ಅನ್ನಬಹುದಾದ ಜಾಗ ಇದೆ, ನೀವು ತಪ್ಪು ಕಡೆ ಬೆರಳು ತೋರಿಸ್ತಿದ್ದೀರಿ.

‘ಸ್ಕಲ್ ಕೌಬಾಯ್’ ಅಂತ ಒಂದು ಪಾತ್ರ ಇತ್ತು, ಸತ್ತವರ ಲೋಕದ ದಾರಿ ತೋರಿಸೋನು. ಮೈಕಲ್ ಬೆರಿಮನ್ ವೇಷ ಹಾಕಿ ಸ್ವಲ್ಪ ಶೂಟಿಂಗೂ ಆಗಿತ್ತು. ಅವನ ಕೆಲಸ ಎರಿಕ್‌ಗೆ ನಿಯಮ ಹೇಳೋದು: ಕೊಂದವರನ್ನ ಮುಗಿಸು, ಬದುಕಿರೋರ ವಿಚಾರಕ್ಕೆ ಕೈ ಹಾಕಿದ್ರೆ ಶಕ್ತಿ ಹೋಗುತ್ತೆ, ಗಾಯವಾದ್ರೆ ರಕ್ತ ಬರುತ್ತೆ. ಆಗ ಕೊನೆಯಲ್ಲಿ ಸಾರಾಳನ್ನ ಉಳಿಸೋಕೆ ಚರ್ಚಿಗೆ ಹೋಗೋದೇ ಒಂದು ತ್ಯಾಗ ಆಗ್ತಿತ್ತು, ಗೊತ್ತಿದ್ದೂ ಹೋದ ಅಂತ. ಆ ಪಾತ್ರ ಕಿತ್ತು ಹಾಕಿದ್ರು. ಈಗ ಟಾಪ್ ಡಾಲರ್ ಜೊತೆಗಿರೋ ಮೈಕಾ ಬಂದು ‘ಕಾಗೆಯಲ್ಲೇ ಅವನ ಶಕ್ತಿ ಇರೋದು’ ಅಂತಾಳೆ, ಅವನ ಬಂಟ ಗ್ರೇಂಜ್ ಕಾಗೆಗೆ ಗುಂಡು ಹೊಡೀತಾನೆ, ಎರಿಕ್‌ಗೆ ರಕ್ತ ಬರುತ್ತೆ. ಅಷ್ಟು ಹೊತ್ತು ಅವನಿಗೆ ಏನೂ ಆಗ್ತಿರಲಿಲ್ಲ, ಕೊನೆಗೆ ಟೆನ್ಷನ್ ಬೇಕು ಅಂತ ಒಂದು ಸ್ವಿಚ್ ಒತ್ತಿದ ಹಾಗಿದೆ.

ಇದು ದೋಷ. ಯಾಕಾಯ್ತು ಅಂತ ಗೊತ್ತಿದ್ರೂ ದೋಷವೇ. ಕನಿಕರ ತೋರಿಸಿ ಅಂಕ ಹೆಚ್ಚಿಸೋದೂ ಬೇಡ, ದುರಂತದ ದುಡ್ಡು ತಿಂದ್ರು ಅಂತ ಅಂಕ ಕಳೆಯೋದೂ ಬೇಡ.

ಪೇಢಾಪ್ರಿಯ
ಭಾಳ ಛಲೋ ಬರದ್ರಿ. ಆ ಮೈಕಾ ಪಾತ್ರಾನ ಅರ್ಥ ಆಗೂದಿಲ್ಲ ನೋಡ್ರಿ. ಕಣ್ಣು ಕಿತ್ತು ಇಟ್ಕೊಳ್ಳೂದು, ಹೊಗಿ ಎಬ್ಬಿಸೂದು, ಮಂತ್ರಗಾತಿ ಏಷ್ಯಾದಾಕಿ. ಬೈ ಲಿಂಗ್‌ಗ ಕೊಟ್ಟ ಕೆಲಸ ಇಷ್ಟ. ಶೆಲ್ಲಿಗಂತೂ ಅದೂ ಇಲ್ಲ, ನಕ್ಕೋಂತ ಓಡಾಡ್ತಾಳ, ಸಾಯ್ತಾಳ.

ಸದ್ದುಗಾರ್ತಿ
ಶೆಲ್ಲಿ ವಿಚಾರ ನಿಜ. ಅವಳು ಪಾತ್ರ ಅಲ್ಲ, ಕಾರಣ. ಆದ್ರೆ ಚಿತ್ರಕಥೆ ತೆಳು ಅನ್ನೋರು ಒಂದು ಕಟ್ಟು ಗಮನಿಸೇ ಇಲ್ಲ. ಆಲ್‌ಬ್ರೆಕ್ಟ್ ಮನೆ ಸೀನು ನೆನಪಿದೆಯಾ? ಶೆಲ್ಲಿ ಆಸ್ಪತ್ರೆಯಲ್ಲಿ 30 ಗಂಟೆ ನರಳಿ ಸತ್ತಳು, ಆತ ಪಕ್ಕದಲ್ಲೇ ಕೂತಿದ್ದ. ಎರಿಕ್ ಆತನನ್ನ ಮುಟ್ಟಿ ಆ 30 ಗಂಟೆಯನ್ನ ತನ್ನೊಳಗೆ ತಗೋತಾನೆ. ಕೊನೆಗೆ ಚರ್ಚಿನ ಮಾಡಿನ ಮೇಲೆ ಸೋತು ಬಿದ್ದಾಗ ಕತ್ತಿಯಿಲ್ಲ, ಬಂದೂಕಿಲ್ಲ, ಟಾಪ್ ಡಾಲರ್ ತಲೆ ಹಿಡಿದು ಆ ಅಷ್ಟೂ ನೋವನ್ನ ಒಂದೇ ಏಟಿಗೆ ದಾಟಿಸ್ತಾನೆ. ಮಧ್ಯದಲ್ಲಿ ಸದ್ದಿಲ್ಲದೆ ಇಟ್ಟದ್ದು ಕೊನೆಯಲ್ಲಿ ಆಯುಧ ಆಗುತ್ತೆ. ಪೋಸ್ಟ್‌ಕಾರ್ಡ್ ಕಥೆಯಲ್ಲಿ ಇಂಥದ್ದು ಇರಲ್ಲ ಸರ್.

ಹಾಗೇ ಸಾರಾ ಅಮ್ಮ ಡಾರ್ಲಾ ಸೀನು. ಅವಳ ತೋಳು ಒತ್ತಿ ಮಾರ್ಫಿನ್ ಹೊರಗೆ ಬರಿಸ್ತಾನೆ, ಕನ್ನಡಿಗೆ ಮುಖ ತಿರುಗಿಸಿ ಮಗಳು ಕಾಯ್ತಿದ್ದಾಳೆ ಅಂತಾನೆ. ಬೆಳಗ್ಗೆ ಅವಳು ಸಾರಾಗೆ ಮೊಟ್ಟೆ ಬೇಯಿಸೋಕೆ ಒದ್ದಾಡ್ತಾಳೆ. ಸೇಡಿನ ಸಿನಿಮಾದಲ್ಲಿ ನಾಯಕ ಒಬ್ಬರನ್ನ ರಿಪೇರಿ ಮಾಡೋದು ಎಷ್ಟು ಕಡೆ ನೋಡಿದ್ದೀರಿ?

ಈಗ ಹಾಡು. ಧ್ವನಿಸುರುಳಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಗಿತ್ತು. ಅದು ವ್ಯಾಪಾರದ ಮಾತು, ಬಿಡಿ. ಯಾವ ಹಾಡು ಎಲ್ಲಿ ಕೂತಿದೆ ಅನ್ನೋದು ನೋಡಿ. ದಿ ಕ್ಯೂರ್ ಬ್ಯಾಂಡ್ ಈ ಸಿನಿಮಾಗೇ ಮಾಡಿದ ‘ಬರ್ನ್’ ಬರೋದು ಬಣ್ಣ ಹಚ್ಚೋ ಸೀನಿಗೆ. ಮೇಲೆ ಹದ್ದಿನಕಣ್ಣು ಅವರು ಹೇಳಿದ ಡೂಪ್ ಸೀನೇ ಅದು! ಮುಖ ತೋರಿಸೋಕಾಗದ ಜಾಗದಲ್ಲಿ ಡ್ರಮ್ಮು ಕೆಲಸ ಮಾಡುತ್ತೆ. ನೈನ್ ಇಂಚ್ ನೈಲ್ಸ್ ಮತ್ತೆ ಹಾಡಿದ ಜಾಯ್ ಡಿವಿಷನ್‌ನ ‘ಡೆಡ್ ಸೋಲ್ಸ್’ ಮಾಡುಗಳ ಮೇಲಿನ ಓಟಕ್ಕೆ. ಗ್ರೇಮ್ ರೆವೆಲ್ ರೀ-ರೆಕಾರ್ಡಿಂಗ್ ಉಳಿದ ಜಾಗದಲ್ಲಿ ತಗ್ಗಿಕೊಂಡೇ ಇರುತ್ತೆ, ಹಾಡಿನ ಜೊತೆ ಜಗಳಕ್ಕೆ ಹೋಗಲ್ಲ. ಕ್ಲಬ್ ಸೀನಲ್ಲಿ ನುಡಿಸ್ತಿರೋ ಬ್ಯಾಂಡುಗಳೂ ನಿಜವಾದವು.

ಕತ್ತಲೆಕೋಣೆ
30 ಗಂಟೆ ವಿಚಾರ ಒಪ್ಪಿದೆ. ಒಳ್ಳೇ ಬರವಣಿಗೆ. ಆದ್ರೂ ಕೊಲೆ ಮಾಡಿದ ಗ್ಯಾಂಗಿನ ಟಿನ್ ಟಿನ್, ಫನ್‌ಬಾಯ್, ಟಿ-ಬರ್ಡ್ ಅಂತ ಸಾಲಾಗಿ ನಿಂತು ಸಾಯೋದು ರೇಷನ್ ಅಂಗಡಿ ಕ್ಯೂ ಥರ ಇದೆ. ಒಬ್ಬ ಸತ್ತದ್ದರಿಂದ ಇನ್ನೊಬ್ಬ ಏನೂ ಕಲಿಯಲ್ಲ.

ರೀಲುಗಾಡಿ
ಕ್ಯೂ ಇರೋದು ಹೌದು, ಪ್ರತಿ ಸಾವಿನ ಧಾಟಿ ಬೇರೆ. ಟಿನ್ ಟಿನ್‌ಗೆ ಅವನದ್ದೇ ಚಾಕು. ಗಿರವಿ ಅಂಗಡಿಯಲ್ಲಿ ಎರಿಕ್ ಎಡ್ಗರ್ ಅಲನ್ ಪೋ ಕವಿತೆ ಹೇಳ್ತಾ ನುಗ್ತಾನೆ, ಉಂಗುರ ಹುಡುಕ್ತಾನೆ, ಅಂಗಡಿ ಸ್ಫೋಟ, ಮಾಲೀಕನನ್ನ ಮಾತ್ರ ಸುದ್ದಿ ಮುಟ್ಟಿಸೋಕೆ ಬದುಕಿಸಿ ಬಿಡ್ತಾನೆ. ಫನ್‌ಬಾಯ್‌ಗೆ ಅವನದ್ದೇ ಮಾರ್ಫಿನ್. ಟಿ-ಬರ್ಡ್‌ಗೆ ಅವನದ್ದೇ ಕಾರು, ಬಾಂಬು. ನಾಲ್ಕನೇ ಸರದಿಗೆ ಸ್ಕ್ಯಾಂಕ್ ಇರೋದು ಟಾಪ್ ಡಾಲರ್ ಮೀಟಿಂಗ್ ರೂಮಲ್ಲಿ, ಅಲ್ಲಿ ಕ್ಯೂ ಮುರಿದು ಎಲ್ಲರ ಮೇಲೂ ಬೀಳ್ತಾನೆ.

ಲೀ ಮೈಭಾಷೆ ನೋಡಿ ಒಮ್ಮೆ. ಹಕ್ಕಿ ಥರ ಕತ್ತು ಓರೆ ಮಾಡೋದು, ಚೂಪು ಅಂಚಿನ ಮೇಲೆ ಕುಕ್ಕರಗಾಲಲ್ಲಿ ಕೂರೋದು, ಹೊಡೆಯೋ ಮುಂಚೆ ಒಂದು ಕ್ಷಣ ನಗೋದು. ಫೈಟುಗಳನ್ನ ಜೆಫ್ ಇಮಾಡಾ ಜೊತೆ ಅವನೇ ಕೂತು ಹೊಂದಿಸಿದ್ದ. ಬ್ರೂಸ್ ಲೀ ಮಗ ಅಂತ ಒದೆಯೋದನ್ನೇ ತೋರಿಸಿಲ್ಲ, ಕುಂಗ್‌ಫೂ ಕಡಿಮೆ, ಸರ್ಕಸ್ ಜಾಸ್ತಿ.

ಮೂಲೆಸೀಟು
ವಿಲನ್ ಧ್ವನಿ! ಮೈಕಲ್ ವಿನ್‌ಕಾಟ್ ಗಂಟಲಲ್ಲಿ ಜಲ್ಲಿ ಇದೆ.

ಗುಂಡುಗೋವಿಂದ
ಖಾಲಿ ತೋಟಾ ಹಾರಿಸಿದ್ರೆ ಮನುಷ್ಯ ಹೇಗೆ ಸಾಯ್ತಾನೆ? ಯಾರೋ ಬೇಕು ಅಂತಲೇ ಮಾಡಿದ್ದು ಅಂತ ಓದಿದ್ದೆ.

ಹದ್ದಿನಕಣ್ಣು
@ಗುಂಡುಗೋವಿಂದ ಆ ಕಥೆಗಳನ್ನ ಬಿಡಿ. ಎರಡು ಹಂತದಲ್ಲಿ ಆದದ್ದು.

ಹಂತ ಒಂದು: ರಿವಾಲ್ವರ್ ಹತ್ತಿರದಿಂದ ತೋರಿಸೋ ಶಾಟಿಗೆ ಗುಂಡಿನ ತುದಿ ಕಾಣಬೇಕು, ಅದಕ್ಕೆ ಡಮ್ಮಿ ತೋಟಾ ಬೇಕು. ಸರಿಯಾದ ಡಮ್ಮಿಯಲ್ಲಿ ಮದ್ದೂ ಇರಲ್ಲ, ಮದ್ದಿಗೆ ಕಿಡಿ ಹೊತ್ತಿಸೋ ಪ್ರೈಮರೂ ಇರಲ್ಲ. ಇಲ್ಲಿ ನಿಜವಾದ ತೋಟಾ ಬಿಚ್ಚಿ ಮದ್ದು ಚೆಲ್ಲಿ ಗುಂಡು ವಾಪಸ್ ಸಿಕ್ಕಿಸಿದ್ರು, ಪ್ರೈಮರ್ ಜೀವಂತ ಉಳೀತು. ಟ್ರಿಗರ್ ಎಳೆದಾಗ ಆ ಪ್ರೈಮರಿನ ಚೂರು ಬಲಕ್ಕೆ ಗುಂಡು ನಳಿಗೆಯೊಳಗೆ ಹೋಗಿ ಸಿಕ್ಕಿಕೊಂಡಿತು. ಹೊರಗೆ ಬರೋಷ್ಟು ಬಲ ಇಲ್ಲ, ಸದ್ದೂ ಜೋರಿಲ್ಲ, ಹಾಗಾಗಿ ಯಾರ ಗಮನಕ್ಕೂ ಬರಲಿಲ್ಲ.

ಹಂತ ಎರಡು: ಅದೇ ರಿವಾಲ್ವರ್‌ಗೆ ಮುಂದೆ ಬ್ಲ್ಯಾಂಕ್ ತುಂಬಿದ್ರು. ಬ್ಲ್ಯಾಂಕಿನಲ್ಲಿ ಗುಂಡು ಇರಲ್ಲ, ಮದ್ದು ಪೂರ್ತಿ ಇರುತ್ತೆ. ಅದರ ಅನಿಲ ನಳಿಗೆಯಲ್ಲಿದ್ದ ಗುಂಡನ್ನ ದೂಡಿತು. ಅಂದ್ರೆ ಎರಡೂ ಸೇರಿ ಒಂದು ನಿಜವಾದ ತೋಟಾ ಆಯ್ತು. 1993ರ ಮಾರ್ಚ್ 31. ನಳಿಗೆಗೆ ಒಂದು ಕಡ್ಡಿ ತೂರಿಸಿ ನೋಡಿದ್ದರೆ ಗೊತ್ತಾಗ್ತಿತ್ತು. ಆಯುಧದ ಉಸ್ತುವಾರಿಯವರು ಆವತ್ತು ಆ ಹೊತ್ತಿಗೆ ಸೆಟ್ಟಿನಲ್ಲಿರಲಿಲ್ಲ. ಯಾರ ಮೇಲೂ ಕ್ರಿಮಿನಲ್ ಕೇಸು ಹಾಕಲಿಲ್ಲ. ಆ ದೃಶ್ಯ ಸಿನಿಮಾದಲ್ಲಿ ಇಲ್ಲವೇ ಇಲ್ಲ, ಎರಿಕ್ ಸಾಯೋ ರೀತಿಯನ್ನೇ ಬದಲಿಸಿ ಚಾಕು, ಕಿಟಕಿ ಅಂತ ಮಾಡಿದ್ರು. ಯೂಟ್ಯೂಬಿನಲ್ಲಿ ‘ಅಸಲಿ ವಿಡಿಯೋ’ ಅಂತ ಇರೋದೆಲ್ಲ ಸುಳ್ಳು.

ಪೇಢಾಪ್ರಿಯ
ನಮ್ಮಲ್ಲೂ ಆಗೇತಲ್ರಿ. 2016ರಾಗ ‘ಮಾಸ್ತಿಗುಡಿ’ ಶೂಟಿಂಗಿನ್ಯಾಗ ತಿಪ್ಪಗೊಂಡನಹಳ್ಳಿ ಕೆರಿಗೆ ಹೆಲಿಕಾಪ್ಟರಿಂದ ಜಿಗದು ಅನಿಲ್, ಉದಯ್ ಇಬ್ರೂ ಹೋದ್ರು. ಅದನ್ನ ಯಾರೂ ಕಲ್ಟ್ ಅನ್ನಲಿಲ್ಲ.

ಕಡಲತಡಿ
ಹೋಲಿಸುವುದಾದರೆ ‘ಜೇಮ್ಸ್’ ಸರಿಯಾದೀತು. ಅಪ್ಪು ಹೋದ ಮೇಲೆ ಶಿವಣ್ಣ ಧ್ವನಿ ಕೊಟ್ಟು 2022ರ ಮಾರ್ಚ್ 17ಕ್ಕೆ ಬಿಡುಗಡೆ ಆಯಿತು. ಥಿಯೇಟರಲ್ಲಿ ಅಳುವವರ ಮಧ್ಯೆ ಕೂತು ಚಿತ್ರಕಥೆ ಹೇಗುಂಟು ಅಂತ ಯಾರಿಗೆ ಹೇಳಲಿಕ್ಕಾಗುತ್ತದೆ? ಹತ್ತು ವರ್ಷ ಬಿಟ್ಟು ನೋಡಬೇಕು ಅದನ್ನು.

ನಿರ್ವಾಹಕ
ಅಪ್ಪು ಚರ್ಚೆಗೆ ಬೇರೆ ಎಳೆ ತೆರೆಯಿರಿ, ಇಲ್ಲಿ ಶುರುವಾದರೆ ನಿಲ್ಲಲ್ಲ.

ಸದ್ದುಗಾರ್ತಿ
ಸಾವನ್ನ ಬದಿಗಿಟ್ಟು ತೂಗೋಕೆ ಸುಲಭದ ತಕ್ಕಡಿ ಒಂದಿದೆ: 2024ರ ರೀಮೇಕ್. ಬಿಲ್ ಸ್ಕಾರ್ಸ್‌ಗಾರ್ಡ್, ನಿರ್ದೇಶನ ರೂಪರ್ಟ್ ಸ್ಯಾಂಡರ್ಸ್. ದುರಂತ ಇಲ್ಲ, ದುಡ್ಡು ಜಾಸ್ತಿ, ಶೆಲ್ಲಿಗೆ ಬೇಕಾದಷ್ಟು ಸೀನು. ಪ್ರೇಮಿಗಳನ್ನ ಮೊದಲು ಪರಿಚಯಿಸೋಣ ಅಂತ ಕೊಲೆಗೆ ಮುಂಚೆ ಸಿಕ್ಕಾಪಟ್ಟೆ ಹೊತ್ತು ತಗೊಂಡ್ರು. ಆದ್ರೂ ಆ ಪ್ರೀತಿ ಅಂಟಲಿಲ್ಲ. 1994ರದ್ದರಲ್ಲಿ ಸಿಗೋದು ಕೆಲವೇ ಚೂರು ನೆನಪು, ಉಳಿದದ್ದನ್ನ ನಾವೇ ತುಂಬಿಕೊಳ್ತೀವಿ. ಶೆಲ್ಲಿ ಪಾತ್ರ ತೆಳು ಅಂತ ಬೈದವಳೂ ನಾನೇ. ಆದ್ರೆ ಉದ್ದ ಮಾಡಿದ್ರೆ ದಪ್ಪ ಆಗಲ್ಲ ಅಂತ ರೀಮೇಕ್ ತೋರಿಸಿಕೊಡ್ತು.

ಮೂಲೆಸೀಟು
ರೀಮೇಕಿನ ಒಪೆರಾ ಫೈಟ್ ಮಾತ್ರ ಚಿಂದಿ.

ಹೊಸಬ_2025
ಇಷ್ಟು ಓದಿ ಇವತ್ತು ರಾತ್ರಿ ನೋಡೋಣ ಅಂತ ಓಟಿಟಿಯಲ್ಲಿ ಹಾಕಿದೆ. ಏನೂ ಕಾಣಲ್ಲ, ಎಲ್ಲ ಕಪ್ಪು, ಮಳೆ ಬಂದ್ರೆ ಚೌಕ ಚೌಕ. ಸಿನಿಮಾನೇ ಹಿಂಗಾ?

ರೀಲುಗಾಡಿ
@ಹೊಸಬ_2025 ಸಿನಿಮಾ ಹಂಗಲ್ಲ. ಮಳೆ, ಹೊಗೆ, ಫಿಲ್ಮ್ ಗ್ರೇನ್ ಮೂರೂ ಪ್ರತಿ ಫ್ರೇಮಿಗೂ ಬದಲಾಗುತ್ತೆ, ಸ್ಟ್ರೀಮಿಂಗಿನಲ್ಲಿ ಡೇಟಾ ಸಾಲಲ್ಲ, ಕತ್ತಲೆ ಭಾಗದಲ್ಲಿ ಮೊದಲು ಒಡೆಯುತ್ತೆ. ಟೀವಿಯಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಇದ್ರೆ ಹಾಕಿ, ಇಲ್ಲಾಂದ್ರೆ ‘ಸಿನಿಮಾ’. ಮೋಷನ್ ಸ್ಮೂದಿಂಗ್ ಆಫ್, ಶಾರ್ಪ್‌ನೆಸ್ ತೀರಾ ಕೆಳಗೆ. ಕತ್ತಲೆ ಅಂತ ಬ್ರೈಟ್‌ನೆಸ್ ಏರಿಸಬೇಡಿ, ಕಪ್ಪು ಬೂದಿಯಾಗಿ ಮಿನಿಯೇಚರ್ ಅಂಚು, ಅಂಟಿಸಿದ ಮುಖ ಎಲ್ಲ ಬಯಲಾಗುತ್ತೆ. ಅದರ ಬದಲು ರೂಮಿನ ಲೈಟ್ ಆರಿಸಿ, ಟೀವಿ ಎದುರಿನ ಟ್ಯೂಬ್‌ಲೈಟಂತೂ ಖಂಡಿತ ಬೇಡ. ಕ್ವಾಲಿಟಿ ‘ಆಟೋ’ ಬಿಟ್ಟು ಗರಿಷ್ಠಕ್ಕೆ ಇಡಿ. ಸಾಧ್ಯವಿದ್ರೆ 2024ರಲ್ಲಿ 30 ವರ್ಷಕ್ಕೆ ಅಂತ ಬಂದ 4ಕೆ ಡಿಸ್ಕ್. ಚಿತ್ರದ ಅನುಪಾತ 1.85:1, ಟೀವಿ ತುಂಬಾ ಬರುತ್ತೆ, ಮೇಲೆ ಕೆಳಗೆ ಕೂದಲೆಳೆಯಷ್ಟು ಪಟ್ಟಿ. ದಪ್ಪ ಪಟ್ಟಿ ಕಂಡ್ರೆ ಯಾರೋ ಕತ್ತರಿಸಿದ ಪ್ರತಿ.

ಕತ್ತಲೆಕೋಣೆ
ಎಲ್ಲ ಓದಿದೆ. ಊರು, ಹಾಡು, ಲೀ, ಆಲ್‌ಬ್ರೆಕ್ಟ್ ಮನೆ: ಇಷ್ಟಕ್ಕೆ ಸಾವಿನ ಹಂಗಿಲ್ಲ, ಒಪ್ಪಿದೆ. ಚರ್ಚ್ ಕ್ಲೈಮ್ಯಾಕ್ಸ್, ಮೈಕಾ, ಕಾಗೆ ಸ್ವಿಚ್ ಒಪ್ಪಲ್ಲ. ಹತ್ತಕ್ಕೆ ಏಳು, ಅದಕ್ಕಿಂತ ಕಾಲು ಅಂಕವೂ ಮೇಲೆ ಹೋಗಲ್ಲ.

ಸದ್ದುಗಾರ್ತಿ
ಎಂಟು. ಚೌಕಾಸಿ ಬೇಡ.

ಕಾಮಿಕ್ಸ್_ಕಪಾಟು
ಏಳೂವರೆ. ಪುಸ್ತಕಕ್ಕೆ ಒಂಬತ್ತು.

ಹೊಸಬ_2025
ಸೆಟ್ಟಿಂಗ್ ಬದಲಿಸಿದೆ, ಈಗ ಕಾಣ್ತಿದೆ, ಥ್ಯಾಂಕ್ಸ್ ಅಣ್ಣ. ಮುಂದಿನ ಭಾಗಗಳೂ ಇವೆಯಂತಲ್ಲ, ಸಾಲಾಗಿ ನೋಡ್ಲಾ?

ರೀಲುಗಾಡಿ
1996ರ ‘ಸಿಟಿ ಆಫ್ ಏಂಜಲ್ಸ್’ ಕಲಾ ನಿರ್ದೇಶನಕ್ಕಾಗಿ ನೋಡಬಹುದು, ಅದೂ ಮೆಕ್‌ಡೊವೆಲ್ ಕೆಲಸವೇ, ಕಪ್ಪು ಹೋಗಿ ಹಳದಿ ಬಂದಿದೆ. ಕಥೆ ಅದೇ ಕಾರ್ಬನ್ ಕಾಪಿ. 2000ದ್ದು ಬೇಜಾರಾದಾಗ. 2005ರದ್ದು ನೋಡಿದ್ರೆ ಜವಾಬ್ದಾರಿ ನಿಮ್ಮದೇ.